ಹಂಪಿ, ಬಾದಾಮಿ, ವಿಜಯಪುರ: ರೈಲೋ, ಬಸ್ಸೋ, ಬಾಡಿಗೆ ಗಾಡಿಯೋ?

ದಸರೆ ರಜೆ ಹತ್ತಿರ ಬಂತೆಂದರೆ ಬೆಂಗಳೂರಿನ ಗೆಳೆಯರಿಂದ ನನಗೆ ಫೋನ್ ಶುರುವಾಗುತ್ತದೆ. "ಹಂಪಿ ನೋಡ್ಕೊಂಡು, ಹಾಗೇ ಬಾದಾಮಿ, ಐಹೊಳೆ, ಗೋಳಗುಮ್ಮಟ ಮುಗಿಸ್ಕೊಂಡು ಬರ್ತೀವಿ, ಹೇಗೆ ಹೋಗೋದು?" ನಾನು ಗದಗ ಸೀಮೆಯವನು, ಈ ದಾರಿಗಳಲ್ಲಿ ಚಿಕ್ಕಂದಿನಿಂದ ಓಡಾಡಿದವನು. ಆ "ಹಾಗೇ" ಎನ್ನುವ ಮಾತಿನಲ್ಲೇ ತೊಡಕು ಇರುವುದು. ಹೊಸಪೇಟೆಯಿಂದ ಬಾದಾಮಿಗೆ ರಸ್ತೆಯಲ್ಲಿ ಸುಮಾರು 150 ಕಿ.ಮೀ., ಬಾದಾಮಿಯಿಂದ ವಿಜಯಪುರಕ್ಕೆ 120 ಕಿ.ಮೀ. ಆಸುಪಾಸು. ಬೆಂಗಳೂರು–ಮೈಸೂರು ಓಡಾಡುವವರಿಗೆ ಇದು ದೊಡ್ಡ ದೂರವೇ ಅಲ್ಲ. ಆದರೆ ಇಲ್ಲಿ ನಿಮ್ಮ ದಿನವನ್ನು ತಿನ್ನುವುದು ದೊಡ್ಡ ದೂರಗಳಲ್ಲ. ರೈಲು ನಿಲ್ದಾಣದಿಂದ ಊರಿಗೆ ಇರುವ 5 ಕಿ.ಮೀ., ಒಂದು ಗುಡಿಯಿಂದ ಇನ್ನೊಂದು ಗುಡಿಗೆ ಇರುವ 14 ಕಿ.ಮೀ., ಸಂಜೆ ತಪ್ಪಿಹೋಗುವ ಒಂದು ಬಸ್ಸು. ಎಲ್ಲಿ ಉಳಿಯಬೇಕು, ಯಾವುದರಲ್ಲಿ ಹೋಗಬೇಕು ಎನ್ನುವುದನ್ನು ಈ ಸಣ್ಣ ದೂರಗಳನ್ನು ನೋಡಿಯೇ ತೀರ್ಮಾನಿಸಿ.

ಹೋದ ಚಳಿಗಾಲದಲ್ಲಿ ಅವ್ವನನ್ನು ಕರೆದುಕೊಂಡು ಇದೇ ದಾರಿಯಲ್ಲಿ ಹೋಗಿದ್ದೆ. ಅವಳಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲಾಗದು, ಆದರೆ ಬಾದಾಮಿ ಹತ್ತಿರದ ಬನಶಂಕರಿಗೆ ಹಣ್ಣುಕಾಯಿ ಮಾಡಿಸಲೇಬೇಕು. ಹಾಗಾಗಿ ಈ ಹೋಲಿಕೆಯಲ್ಲಿ ಬರೀ ಟಿಕೆಟ್ಟಿನ ಲೆಕ್ಕವಿಲ್ಲ, ಹಿರಿಯರ ಕಾಲಿನ ಲೆಕ್ಕವೂ ಇದೆ.

ರೈಲು: ಗದಗ ಎನ್ನುವ ಕೀಲು

ಇಲ್ಲಿನ ರೈಲು ಮಾರ್ಗದ ಚಿತ್ರ ಒಮ್ಮೆ ತಲೆಯಲ್ಲಿ ಕೂತರೆ ಅರ್ಧ ಗೊಂದಲ ತೀರುತ್ತದೆ. ಹುಬ್ಬಳ್ಳಿ–ಗುಂತಕಲ್ ಮಾರ್ಗ ಪಶ್ಚಿಮದಿಂದ ಪೂರ್ವಕ್ಕೆ: ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ. ಗದಗಿನಿಂದ ಇನ್ನೊಂದು ಮಾರ್ಗ ಉತ್ತರಕ್ಕೆ ಕವಲೊಡೆಯುತ್ತದೆ: ಬಾದಾಮಿ, ಬಾಗಲಕೋಟೆ, ಆಲಮಟ್ಟಿ, ವಿಜಯಪುರ, ಆಮೇಲೆ ಹೊಟಗಿ ಮೂಲಕ ಸೊಲ್ಲಾಪುರ. ಹಂಪಿ ಮೊದಲನೆಯ ಮಾರ್ಗದ ಮಗ್ಗುಲಿಗಿದೆ, ಬಾದಾಮಿ–ವಿಜಯಪುರ ಎರಡನೆಯದರ ಮೇಲಿವೆ. ಹೊಸಪೇಟೆಯಿಂದ ಬಾದಾಮಿಗೆ ನೇರವಾಗಿ ಹೋಗುವ ರೈಲುಗಳು ಕಡಿಮೆ. ಬಹುತೇಕ ಸಲ ಗದಗಿನಲ್ಲಿ ಇಳಿದು ಬೇರೆ ರೈಲು ಹಿಡಿಯಬೇಕು.

ಗದಗಿನಲ್ಲಿ ಎರಡು ಮೂರು ಗಂಟೆ ಕಾಯಬೇಕಾಗಿ ಬಂದರೆ ಬೇಸರ ಪಟ್ಟುಕೊಳ್ಳಬೇಡಿ. ಊರೊಳಗೆ ವೀರನಾರಾಯಣ ಗುಡಿ, ತ್ರಿಕೂಟೇಶ್ವರ ಗುಡಿ ಇವೆ. ಅರ್ಧ ದಿನ ಕೈಯಲ್ಲಿದ್ದರೆ ಸುಮಾರು 12 ಕಿ.ಮೀ. ದೂರದ ಲಕ್ಕುಂಡಿಗೆ ಹೋಗಿಬನ್ನಿ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿವಿಶ್ವನಾಥ ಗುಡಿ, ಮುಸುಕಿನ ಬಾವಿ ಎಲ್ಲವೂ ಅಲ್ಲಿವೆ. ಲಕ್ಕುಂಡಿ ಗದಗ–ಕೊಪ್ಪಳ ಹೆದ್ದಾರಿಯ ಮೇಲೆಯೇ ಇರುವುದರಿಂದ ಬಸ್ಸಿಗೆ ಕೊರತೆಯಿಲ್ಲ. ಪ್ರವಾಸದ ಪಟ್ಟಿಯಲ್ಲಿ ಇರದ ಈ ಊರು ನೋಡಿ ಬಂದವರು, ಹಂಪಿಯಷ್ಟೇ ಇದೂ ಮನಸ್ಸಿನಲ್ಲಿ ಉಳಿಯಿತು ಎಂದು ನನ್ನ ಹತ್ತಿರ ಹೇಳಿದ್ದುಂಟು.

ಬೆಂಗಳೂರಿನಿಂದ ಹೊರಡುವವರಿಗೆ ರಾತ್ರಿ ರೈಲುಗಳೇ ಅನುಕೂಲ. ಹಂಪಿ ಎಕ್ಸ್‌ಪ್ರೆಸ್ ಗುಂತಕಲ್, ಬಳ್ಳಾರಿ ಮೇಲೆ ಬಂದು ಬೆಳಗ್ಗೆ ಹೊಸಪೇಟೆಗೆ ಇಳಿಸುತ್ತದೆ. ಗೋಲಗುಂಬಜ್ ಎಕ್ಸ್‌ಪ್ರೆಸ್ ಹುಬ್ಬಳ್ಳಿ, ಗದಗ ಮೇಲೆ ಬಾದಾಮಿ, ಬಾಗಲಕೋಟೆ, ವಿಜಯಪುರಕ್ಕೆ ಹೋಗುತ್ತದೆ. ಒಂದು ಎಚ್ಚರಿಕೆ: ಮೈಸೂರಿನಿಂದ ಬೆಂಗಳೂರು ಮೇಲೆ ಬಾಗಲಕೋಟೆಗೆ ಹೋಗುವ ಬಸವ ಎಕ್ಸ್‌ಪ್ರೆಸ್ ಇದೇ ದಾರಿಯಲ್ಲಿ ಬರುವುದಿಲ್ಲ. ಅದು ರಾಯಚೂರು, ಕಲಬುರಗಿ ಕಡೆಯಿಂದ ಸುತ್ತಿ, ವಿಜಯಪುರ ದಾಟಿ ಬಾಗಲಕೋಟೆ ಸೇರುತ್ತದೆ. ಕಲಬುರಗಿಯವರಿಗೆ ಅದು ವರ. ಬೆಂಗಳೂರಿನಿಂದ ಬಾದಾಮಿಗೆ ಹೊರಟವರು ಊರಿನ ಹೆಸರು ನೋಡಿ ಟಿಕೆಟ್ ಮಾಡಿಸಿದರೆ ಅರ್ಧ ಕರ್ನಾಟಕ ಸುತ್ತಬೇಕಾಗುತ್ತದೆ. ಟಿಕೆಟ್ ಮಾಡಿಸುವ ಮುನ್ನ ನಡುವಿನ ನಿಲ್ದಾಣಗಳ ಪಟ್ಟಿಯನ್ನು ಒಮ್ಮೆ ಓದಿ.

ರೈಲಿನ ದೊಡ್ಡ ಲಾಭ ಹಿರಿಯರಿಗೆ. ಕಾಲು ಚಾಚಬಹುದು, ಶೌಚಾಲಯ ಇದೆ, ಕುಲುಕಾಟವಿಲ್ಲ. ಬಾದಾಮಿಯಿಂದ ಬಾಗಲಕೋಟೆ ಒಂದು ಗಂಟೆಯೊಳಗಿನ ದಾರಿ, ಅಲ್ಲಿಂದ ವಿಜಯಪುರ ಎರಡು ಗಂಟೆ ಚಿಲ್ಲರೆ. ಆಲಮಟ್ಟಿ ಹತ್ತಿರ ರೈಲು ಕೃಷ್ಣೆಯನ್ನು ದಾಟುವಾಗ ಅವ್ವ ಚೀಲದಿಂದ ನಾಣ್ಯ ತೆಗೆದು, ಕಿಟಕಿಯ ಸರಳಿನ ಸಂದಿಯಿಂದ ನದಿಗೆ ಹಾಕಿ ಕೈಮುಗಿದಳು. ಎದುರಿಗೆ ಕೂತಿದ್ದ ಇಬ್ಬರು ಹೆಣ್ಣುಮಕ್ಕಳೂ ಹಾಗೇ ಮಾಡಿದರು.

ರೈಲಿನ ದೊಡ್ಡ ಕುಂದು ಬಾದಾಮಿ ನಿಲ್ದಾಣದಲ್ಲಿ ಇಳಿದ ಕೂಡಲೇ ಕಾಣುತ್ತದೆ. ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ದೂರ. ರೈಲು ಬರುವ ಹೊತ್ತಿಗೆ ಟಂಟಂಗಳು, ಅಂದರೆ ಹಲವರು ಕೂಡಿ ಹೋಗುವ ಆಟೊಗಳು, ನಿಂತಿರುತ್ತವೆ. ಜನ ತುಂಬಿದ ಮೇಲೆ ಹೊರಡುವುದು ಅವುಗಳ ರೂಢಿ. ಮುಂದಿನ ರೈಲು ಬರುವವರೆಗೆ ಮತ್ತೆ ಆ ಜಾಗ ಬಣಗುಡುತ್ತದೆ. ಹಗಲಿನ ರೈಲಿಗೆ ಬಂದರೆ ಚಿಂತೆಯಿಲ್ಲ. ರಾತ್ರಿ ಹತ್ತರ ಮೇಲೆ, ನಸುಕಿನಲ್ಲಿ ಬರುವುದಾದರೆ ಉಳಿಯುವ ಲಾಡ್ಜಿನವರಿಗೆ ಮೊದಲೇ ಫೋನ್ ಮಾಡಿ ಒಂದು ಆಟೊ ಹೇಳಿಟ್ಟುಕೊಳ್ಳಿ. ವಿಜಯಪುರ ಇದಕ್ಕೆ ತದ್ವಿರುದ್ಧ: ನಿಲ್ದಾಣದಿಂದ ಹೊರಬಿದ್ದರೆ ಗೋಳಗುಮ್ಮಟ ಕಣ್ಣೆದುರಿಗೇ. ಹೊಸಪೇಟೆಯಲ್ಲಿ ರೈಲು ನಿಲ್ದಾಣದಿಂದ ಬಸ್ ನಿಲ್ದಾಣಕ್ಕೆ ಆಟೊದಲ್ಲಿ ಕೆಲವೇ ನಿಮಿಷ, ಅಲ್ಲಿಂದ ಹಂಪಿ 13 ಕಿ.ಮೀ.

ಬಸ್ಸು: ಎಲ್ಲ ಕಡೆಗೂ ಇದೆ, ಆದರೆ ಹೊತ್ತು ನೋಡಿ

ಈ ಭಾಗದಲ್ಲಿ ಓಡುವುದು ಎರಡು ಸಂಸ್ಥೆಗಳ ಬಸ್ಸು. ಬಾಗಲಕೋಟೆ, ಗದಗ ಜಿಲ್ಲೆಗಳಿಗೆ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ವಾಯವ್ಯ ಕರ್ನಾಟಕ ಸಾರಿಗೆ. ಹೊಸಪೇಟೆ, ಕೊಪ್ಪಳ, ವಿಜಯಪುರಕ್ಕೆ ಕಲಬುರಗಿಯ ಕಲ್ಯಾಣ ಕರ್ನಾಟಕ ಸಾರಿಗೆ. ಪ್ರಯಾಣಿಕನಿಗೆ ಇದರಿಂದೇನು ಎನ್ನಬಹುದು. ಹೊಸಪೇಟೆಯ ವಿಚಾರಣೆ ಕಿಟಕಿಯಲ್ಲಿ ಬಾದಾಮಿಯ ಬಸ್ಸಿನ ವೇಳೆ ಕೇಳಿದರೆ ತಮ್ಮ ಘಟಕದ ಬಸ್ಸಿನದು ಥಟ್ಟನೆ ಹೇಳುತ್ತಾರೆ, ಆ ಕಡೆಯಿಂದ ಬಂದು ಹೋಗುವ ಬಸ್ಸಿನದು ಹೇಳಲು ತಡವರಿಸುತ್ತಾರೆ. ಆದ್ದರಿಂದ ಪ್ಲಾಟ್‌ಫಾರ್ಮಿನಲ್ಲಿ ನಿಂತ ಕಂಡಕ್ಟರುಗಳನ್ನು ಕೇಳಿ. ಯಾವ ಕ್ರಾಸಿನಲ್ಲಿ ಯಾವ ಬಸ್ಸು ಎಷ್ಟೊತ್ತಿಗೆ ಸಿಗುತ್ತದೆ ಎನ್ನುವುದು ಅವರಿಗೆ ಬಾಯಿಪಾಠ.

ಹೊಸಪೇಟೆಯಿಂದ ವಿಜಯಪುರಕ್ಕೆ ಬಸ್ಸಿನ ದಾರಿ ನಿಜಕ್ಕೂ ಚೆನ್ನಾಗಿದೆ. ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಕುಷ್ಟಗಿ, ಇಳಕಲ್, ಹುನಗುಂದ ದಾಟಿ ನೇರ ಓಟ. ಹಂಪಿ ಮತ್ತು ಗೋಳಗುಮ್ಮಟ ಎರಡೇ ಸಾಕು ಎನ್ನುವವರು ಗದಗಿನ ಸುತ್ತು ಹಾಕುವುದೇ ಬೇಡ, ಈ ಬಸ್ಸು ಹತ್ತಿ. ಇಳಕಲ್ಲಿನಲ್ಲಿ ಇಳಿದು ಸೀರೆ ತೆಗೆದುಕೊಂಡು ಹಿಂದೆ ಬರುವ ಬಸ್ಸಿಗೆ ಹೋಗುವ ಹೆಣ್ಣುಮಕ್ಕಳನ್ನು ಎಷ್ಟೋ ಸಲ ಕಂಡಿದ್ದೇನೆ. ಕೂಡಲಸಂಗಮವೂ ಇದೇ ಹೆದ್ದಾರಿಯಿಂದ ಸ್ವಲ್ಪ ಒಳಗೆ.

ಹೊಸಪೇಟೆಯಿಂದ ಬಾದಾಮಿಗೆ ಇಷ್ಟು ಸಲೀಸಲ್ಲ. ನೇರ ಬಸ್ಸು ಕೆಲವೇ ಇವೆ. ಅದು ತಪ್ಪಿದರೆ ಗದಗಿಗೆ ಹೋಗಿ ಬದಲಿಸಬೇಕು, ಇಲ್ಲವೇ ಕುಷ್ಟಗಿ–ಗಜೇಂದ್ರಗಡ ಕಡೆಯಿಂದ, ಇಲ್ಲವೇ ಇಳಕಲ್ ಕಡೆಯಿಂದ. ಹೇಗೆ ಹೋದರೂ ಅರ್ಧ ದಿನ ಬಸ್ಸಿಗೇ ಮೀಸಲು. ಬೆಳಗ್ಗೆ ಬೇಗ ಹೊರಟು, ಮಧ್ಯಾಹ್ನದ ಊಟಕ್ಕೆ ಬಾದಾಮಿ ಸೇರಿ, ಸಂಜೆಯ ಬಿಸಿಲಿನಲ್ಲಿ ಅಗಸ್ತ್ಯ ತೀರ್ಥ ಕೆರೆಯ ದಂಡೆಗೆ ಹೋಗುವುದು ನನ್ನ ರೂಢಿ. ಪಶ್ಚಿಮದ ಬೆಳಕು ಬಿದ್ದಾಗ ಆ ಕೆಂಪು ಬಂಡೆ, ಭೂತನಾಥನ ಗುಡಿ ನೋಡುವುದಕ್ಕೆ ಬೇರೆ ಹೊತ್ತಿಲ್ಲ.

ಹುಬ್ಬಳ್ಳಿ ಕಡೆಯಿಂದ, ಅಂದರೆ ವಿಮಾನದಲ್ಲಿ ಹುಬ್ಬಳ್ಳಿಗೆ ಬಂದಿಳಿದು ಹೋಗುವವರಿಗೆ, ಬಸ್ಸು ರೈಲಿಗಿಂತ ಮೇಲು. ನವಲಗುಂದ, ನರಗುಂದ, ಕುಳಗೇರಿ ಕ್ರಾಸ್ ಮೇಲೆ ಬಾದಾಮಿ. ನೇರ ಬಸ್ಸು ಸಿಗದಿದ್ದರೆ ವಿಜಯಪುರದ ಬಸ್ಸು ಹತ್ತಿ ಕುಳಗೇರಿ ಕ್ರಾಸಿನಲ್ಲಿ ಇಳಿಯಬಹುದು.

ಇನ್ನು ಬಾದಾಮಿ–ಪಟ್ಟದಕಲ್ಲು–ಐಹೊಳೆ. ಈ ಪ್ರವಾಸದಲ್ಲಿ ಜನ ಹೆಚ್ಚು ಎಡವುವುದು ಇಲ್ಲೇ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಾದಾಮಿಯಿಂದ ಪಟ್ಟದಕಲ್ಲು 22 ಕಿ.ಮೀ., ಅಲ್ಲಿಂದ ಐಹೊಳೆ ಸುಮಾರು 14 ಕಿ.ಮೀ. ಹತ್ತಿರದ್ದನ್ನು ಮೊದಲು ನೋಡೋಣ ಎಂದು ಎಲ್ಲರೂ ಪಟ್ಟದಕಲ್ಲಿನಲ್ಲಿ ಇಳಿಯುತ್ತಾರೆ. ಅಲ್ಲಿನ ವಿರೂಪಾಕ್ಷ ಗುಡಿ ಬಿಟ್ಟು ಬರಲು ಮನಸ್ಸಾಗುವುದಿಲ್ಲ, ಮಧ್ಯಾಹ್ನವಾಗುತ್ತದೆ, ಐಹೊಳೆ ಬಸ್ಸಿಗೆ ಕಾಯುತ್ತಾರೆ, ಐಹೊಳೆ ಸೇರುವಾಗ ಇಳಿಹೊತ್ತು, ಬಾದಾಮಿಗೆ ವಾಪಸ್ ಬಸ್ಸಿನ ಚಿಂತೆ. ಇದನ್ನು ತಿರುಗಿಸಿ ಮಾಡಿ. ಬೆಳಗಿನ ಬಸ್ಸಿಗೆ ಮೊದಲು ದೂರದ ಐಹೊಳೆಗೆ ಹೋಗಿ, ಹಿಂದಕ್ಕೆ ಬರುತ್ತಾ ಪಟ್ಟದಕಲ್ಲು ನೋಡಿ. ಸಂಜೆ ಪಟ್ಟದಕಲ್ಲಿನಿಂದ ಬಾದಾಮಿಗೆ ಬಸ್ಸು ಸಿಗುತ್ತದೆ, ಸಿಗದಿದ್ದರೆ ಟಂಟಂ ಇದ್ದೇ ಇರುತ್ತದೆ. ಐಹೊಳೆಯಲ್ಲಿ ಸಂಜೆ ಸಿಕ್ಕಿಬಿದ್ದರೆ ಅಷ್ಟು ಸುಲಭವಿಲ್ಲ.

ಐಹೊಳೆಯ ದುರ್ಗದ ಗುಡಿಯ ಮುಂದೆ ನಾವು ಬಸ್ಸಿಗೆ ನಿಂತಿದ್ದೆವು. ಬಂದದ್ದು ಅಮೀನಗಡದ ಬಸ್ಸು. ಕಂಡಕ್ಟರ್ ಬಾಗಿಲಲ್ಲೇ ನಿಂತು, "ಯಾಕ್ರಿ ಅವ್ವಾರ, ಎಲ್ಲಿಗಿ?" ಎಂದ. ಪಟ್ಟದಕಲ್ಲು ಎಂದಾಗ, "ಇದ ಅಲ್ರಿ, ಹಿಂದ ಬರತೈತಿ, ಅರ್ಧಾ ತಾಸು ಕುಂಡ್ರಿ" ಎಂದು ಅಂಗಡಿಯವನಿಗೆ ಕೂಗಿ ಅವ್ವನಿಗೆ ಒಂದು ಕುರ್ಚಿ ಹಾಕಿಸಿ ಹೋದ. ಬಸ್ಸು ಬಂದದ್ದು ಮುಕ್ಕಾಲು ತಾಸಿಗೆ. ಆ ಮುಕ್ಕಾಲು ತಾಸು ನಿಮ್ಮ ಲೆಕ್ಕದಲ್ಲಿ ಇರಲಿ.

ಖರ್ಚಿನಲ್ಲಿ ಬಸ್ಸಿಗೆ ಸಾಟಿಯಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಬೇಕು. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆ, ಭಾನುವಾರಗಳಂದು ಬನಶಂಕರಿ ಕಡೆಯ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಿರಿಯರನ್ನು ಕರೆದುಕೊಂಡು ಹೋಗುವವರು ಆ ದಿನಗಳನ್ನು ಬಿಟ್ಟು ವಾರದ ನಡುವೆ ಹೊರಡಿ. ಬನದ ಹುಣ್ಣಿಮೆಯ ಜಾತ್ರೆಯ ಹೊತ್ತಿಗೆ ಬಾದಾಮಿಯಲ್ಲಿ ಲಾಡ್ಜು ಸಿಗುವುದೂ ಕಷ್ಟ. ಜಾತ್ರೆ ನೋಡಲೆಂದೇ ಹೋಗುವುದಾದರೆ ಆ ಮಾತು ಬೇರೆ.

ಬಾಡಿಗೆ ಗಾಡಿ: ಎಲ್ಲಿಂದ ಹಿಡಿಯುತ್ತೀರಿ ಎನ್ನುವುದೇ ಮುಖ್ಯ

ಕೆಲವು ವರ್ಷದ ಹಿಂದೆ ಮನೆಮಂದಿಯೆಲ್ಲ ಸೇರಿ ಬೆಂಗಳೂರಿನ ಒಂದು ಟ್ರಾವೆಲ್ಸ್‌ನಿಂದ ನಾಲ್ಕು ದಿನಕ್ಕೆ ಗಾಡಿ ತಂದಿದ್ದೆವು. ಬಾದಾಮಿಯಲ್ಲಿದ್ದ ದಿನ ಗಾಡಿ ಓಡಿದ್ದು 90 ಕಿ.ಮೀ.ಯೂ ಇಲ್ಲ. ಬಿಲ್ಲಿನಲ್ಲಿ ಆ ದಿನಕ್ಕೂ 300 ಕಿ.ಮೀ. ಹಾಕಿದ್ದರು. ಕೇಳಿದರೆ, ಹೊರ ಊರಿನ ಬಾಡಿಗೆಗೆ ದಿನಕ್ಕೆ ಕನಿಷ್ಠ ಇಷ್ಟು ಎಂಬುದು ನಿಯಮ ಎಂದರು. ಹೊರಡುವ ಮೊದಲು ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ದಿನಕ್ಕೆ 250 ಅಥವಾ 300 ಕಿ.ಮೀ. ಕನಿಷ್ಠ, ಅದರ ಮೇಲೆ ಚಾಲಕನ ಭತ್ಯೆ, ಟೋಲು, ಪಾರ್ಕಿಂಗು: ಹೊರ ಊರಿನ ಬಾಡಿಗೆ ಸಾಮಾನ್ಯವಾಗಿ ಹೀಗೆಯೇ. ಅದನ್ನು ಮೊದಲೇ ಕೇಳಿ ಬರೆಸಿಕೊಳ್ಳಿ.

ಈ ಪ್ರವಾಸದಲ್ಲಿ ನಿಜವಾಗಿ ದೂರ ಓಡುವ ದಿನಗಳು ಎರಡೇ: ಹಂಪಿಯಿಂದ ಬಾದಾಮಿಗೆ ಹೋಗುವ ದಿನ, ಬಾದಾಮಿಯಿಂದ ವಿಜಯಪುರಕ್ಕೆ ಹೋಗುವ ದಿನ. ಉಳಿದ ದಿನ ಗಾಡಿ ಮರದ ಕೆಳಗೆ ನಿಂತೇ ಇರುತ್ತದೆ. ಬಾದಾಮಿ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ ಎಲ್ಲ ಸುತ್ತಿ ಬಂದರೂ 100 ಕಿ.ಮೀ. ಒಳಗೇ ಮುಗಿಯುತ್ತದೆ. ಆದ್ದರಿಂದ ದೊಡ್ಡ ದೂರಕ್ಕೆ ರೈಲು, ಊರಿಗೆ ಬಂದ ಮೇಲೆ ಆ ಊರಿನ ಆಟೊ ಅಥವಾ ಕಾರು, ಇದು ನನ್ನ ಆಯ್ಕೆ. ಬಾದಾಮಿ ಬಸ್ ನಿಲ್ದಾಣದ ಮುಂದೆ ಆಟೊದವರು ದಿನದ ಲೆಕ್ಕಕ್ಕೆ ಬರುತ್ತಾರೆ. ಯಾವ ಯಾವ ಜಾಗ, ಎಷ್ಟು ಹೊತ್ತಿನವರೆಗೆ ಎನ್ನುವುದನ್ನು ಹತ್ತುವ ಮುನ್ನವೇ ಮಾತಾಡಿ. "ಮಹಾಕೂಟ ಸೇರಿಸಿ" ಎಂದು ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಅದನ್ನು ಬಿಟ್ಟೇ ಲೆಕ್ಕ ಹಾಕಿರುತ್ತಾರೆ. ಅಲ್ಲಿನ ಪುಷ್ಕರಣಿಯ ತಂಪು ನೀರು, ಆಲದ ನೆರಳು ಬಿಟ್ಟು ಬರುವ ಜಾಗವಲ್ಲ.

ಐದಾರು ಮಂದಿ ಇದ್ದು, ಅದರಲ್ಲಿ ಪುಟ್ಟ ಮಕ್ಕಳೂ ವಯಸ್ಸಾದವರೂ ಇದ್ದರೆ ಹೊಸಪೇಟೆಯಿಂದ ಬಾದಾಮಿಗೆ ಒಂದು ಕಾರು ಮಾಡಿಕೊಳ್ಳುವುದಕ್ಕೆ ನಾನು ಅಡ್ಡ ಬರುವುದಿಲ್ಲ. ಮೂರರಿಂದ ಮೂರೂವರೆ ತಾಸು. ಹುನಗುಂದ, ಅಮೀನಗಡ ಮೇಲೆ ಹೋದರೆ ಐಹೊಳೆ ದಾರಿಯಲ್ಲೇ ಸಿಗುತ್ತದೆ: ಐಹೊಳೆ, ಪಟ್ಟದಕಲ್ಲು ನೋಡುತ್ತಾ ಸಂಜೆಗೆ ಬಾದಾಮಿ ಸೇರಬಹುದು, ಒಂದು ದಿನವೇ ಉಳಿಯುತ್ತದೆ. ಗಾಡಿ ಮಾಡಿದ್ದಕ್ಕೆ ಬೆಲೆ ಬರುವುದು ಇಂಥ ಕಡೆ. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಳ್ಳಲು ಹತ್ತು ನಿಮಿಷ ನಿಲ್ಲಿಸಿ.

ಎಲ್ಲಿ ಉಳಿಯಬೇಕು?

ಬಾದಾಮಿಯೋ ಬಾಗಲಕೋಟೆಯೋ ಎಂದು ಕೇಳುವವರಿದ್ದಾರೆ. ಬಾಗಲಕೋಟೆಯಲ್ಲಿ ಹೋಟೆಲು ಜಾಸ್ತಿ, ಜಿಲ್ಲಾ ಕೇಂದ್ರ, ಬಸ್ಸೂ ಜಾಸ್ತಿ. ಆದರೆ ಆಲಮಟ್ಟಿ ಹಿನ್ನೀರಿಗೆ ಹಳೆಯ ಊರಿನ ಭಾಗ ಮುಳುಗಿದ ಮೇಲೆ ಊರು ಎರಡು ಪಾಲಾಗಿದೆ. ಹಳೆ ಊರಿಗೊಂದು ಬಸ್ ನಿಲ್ದಾಣ, ನವನಗರಕ್ಕೊಂದು. ಗೊತ್ತಿಲ್ಲದವರು ಒಂದರಲ್ಲಿ ಇಳಿದು ಇನ್ನೊಂದಕ್ಕೆ ಆಟೊ ಮಾಡಬೇಕಾಗುತ್ತದೆ. ಗುಡಿಗಳನ್ನು ನೋಡಲೆಂದೇ ಬಂದವರು ಬಾದಾಮಿಯಲ್ಲೇ ಉಳಿಯಿರಿ. ಗುಹೆ, ಕೆರೆ, ಬಸ್ ನಿಲ್ದಾಣ ಎಲ್ಲ ನಡೆದುಹೋಗುವಷ್ಟು ಹತ್ತಿರ. ಕೂಡಲಸಂಗಮವೇ ಮುಖ್ಯ ಎನ್ನುವವರಿಗೆ ಬಾಗಲಕೋಟೆ ಸರಿ.

ಹಂಪಿ ನೋಡುವವರಿಗೆ ಹೊಸಪೇಟೆಯಲ್ಲಿ ಉಳಿಯುವುದೇ ಸಲೀಸು. ಬಸ್ಸು ಕದ್ದಿರಾಂಪುರ ಮೇಲೂ ಕಮಲಾಪುರ ಮೇಲೂ ಹೋಗುತ್ತವೆ. ಮೊದಲನೆಯದು ನೇರ ಹಂಪಿ ಬಜಾರಿಗೆ, ಎರಡನೆಯದು ವಸ್ತುಸಂಗ್ರಹಾಲಯ ನೋಡುವವರಿಗೆ. ಹೊಳೆಯಾಚೆಯ ಆನೆಗೊಂದಿ, ಅಂಜನಾದ್ರಿ ನೋಡುವವರು ಒಂದು ವಿಷಯ ತಿಳಿದಿರಬೇಕು. ವಿರೂಪಾಕ್ಷ ಗುಡಿಯ ಹಿಂದೆ ನಿಂತರೆ ಆ ದಂಡೆ ಕೂಗಳತೆಯಲ್ಲಿದೆ, ಆದರೆ ಅಣೆಕಟ್ಟೆಯಿಂದ ನೀರು ಬಿಟ್ಟಾಗ ದೋಣಿ, ಹರಿಗೋಲು ನಿಲ್ಲುತ್ತವೆ. ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕುಸಿಯಿತು. ಈಗ ರಸ್ತೆಯಲ್ಲಿ ಹೋಗುವವರು ಬುಕ್ಕಸಾಗರ–ಕಡೆಬಾಗಿಲು ಸೇತುವೆ ಸುತ್ತಿ ಹೋಗಬೇಕು. ಮಳೆಗಾಲದಲ್ಲಿ ಆಚೆ ದಂಡೆಗೇ ಒಂದು ದಿನ ಬೇರೆ ಇಡಿ, ಗಂಗಾವತಿ ಕಡೆಯಿಂದ ಬನ್ನಿ. ಮಲಪ್ರಭೆಯದೂ ಇದೇ ಕಥೆ: 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ನೀರು ನುಗ್ಗಿತ್ತು. ಆಗಸ್ಟ್‌ನಲ್ಲಿ ಹೊರಡುವವರು ಹಿಂದಿನ ದಿನ ಬಾದಾಮಿಗೆ ಒಂದು ಫೋನ್ ಮಾಡಿ ಹೊಳೆಯ ಸ್ಥಿತಿ ಕೇಳಿ.

ಕಾಲು ನೋವಿರುವವರಿಗೆ

ದಾರಿ ಸರಿಯಿದ್ದರೂ ಗುಡಿಯ ಬಾಗಿಲಲ್ಲಿ ನಿಲ್ಲಬೇಕಾದರೆ ಬಂದದ್ದೇನು ಫಲ? ಅವ್ವನ ಜೊತೆ ಹೋದಾಗ ಕಂಡದ್ದನ್ನು ಹೇಳುತ್ತೇನೆ. ಎಲ್ಲಕ್ಕಿಂತ ಸುಲಭ ಪಟ್ಟದಕಲ್ಲು. ಸಮತಟ್ಟು ನೆಲ, ಹುಲ್ಲುಹಾಸು, ಹಾಸಿದ ದಾರಿ. ಗುಡಿಗಳ ಒಳಗೆ ಹೋಗಲು ಮೆಟ್ಟಿಲುಗಳಿದ್ದರೂ ಹೊರಗೋಡೆಯ ಶಿಲ್ಪಗಳನ್ನು ಗಾಲಿಕುರ್ಚಿಯಲ್ಲಿ ಕೂತೇ ನೋಡಬಹುದು. ಐಹೊಳೆಯ ದುರ್ಗದ ಗುಡಿ ಆವರಣವೂ ಹೀಗೆಯೇ, ಮೇಗುತಿ ಗುಡಿಗೆ ಮಾತ್ರ ಗುಡ್ಡ ಹತ್ತಬೇಕು. ರವಿಕೀರ್ತಿಯ 634ರ ಶಾಸನ ಇರುವುದು ಅಲ್ಲಿ. ಅವ್ವ ಕೆಳಗೆ ಕೂತಳು, ನಾನು ಹತ್ತಿ ಬಂದೆ.

ಬಾದಾಮಿ ಗುಹೆಗಳು ಕಷ್ಟ. ಮೊದಲ ಗುಹೆಯ ನಟರಾಜನವರೆಗೆ ಹೇಗೋ ಹೋಗಬಹುದು, 578ರ ಶಾಸನವಿರುವ ಮೂರನೆಯದು ಮೇಲಿದೆ, ಮೆಟ್ಟಿಲು ಎತ್ತರೆತ್ತರ. ಹಿರಿಯರಿಗೆ ಮೊದಲ ಗುಹೆ ಸಾಕೆನಿಸಿ, ಆಮೇಲೆ ಕೆರೆಯ ದಂಡೆಗೆ ಕರೆದುಕೊಂಡು ಹೋಗಿ; ಕೆರೆಯಾಚೆಯ ಮೇಲಿನ ಬಂಡೆಯಲ್ಲಿ ಗುಹೆಗಳ ಬಾಯಿ ಅಲ್ಲಿಂದಲೂ ಕಾಣುತ್ತದೆ. ಹಂಪಿಯಲ್ಲಿ ವಿಜಯ ವಿಠ್ಠಲ ಗುಡಿಗೆ ಗಾಡಿ ನಿಲ್ಲಿಸುವ ಜಾಗದಿಂದ ಬ್ಯಾಟರಿ ವಾಹನ ಇದೆ, ಸಾಲು ಉದ್ದ ಇರುತ್ತದೆ, ಬೆಳಗ್ಗೆ ಬೇಗ ಹೋದರೆ ನಿಲ್ಲುವುದು ತಪ್ಪುತ್ತದೆ. ಅಂಜನಾದ್ರಿಯ 575 ಮೆಟ್ಟಿಲು ಮೊಣಕಾಲು ನೋವಿನವರಿಗೆ ಬೇಡವೇ ಬೇಡ.

ಬನಶಂಕರಿ ಮಾತ್ರ ಅವ್ವನ ಪಾಲಿಗೆ ಯಾವ ತೊಡಕೂ ಇಲ್ಲದ ಜಾಗವಾಯಿತು. ಬಾದಾಮಿಯಿಂದ 5 ಕಿ.ಮೀ., ಗುಡಿಯ ಹತ್ತಿರವೇ ಗಾಡಿ ನಿಲ್ಲುತ್ತದೆ. ದರ್ಶನ ಮುಗಿಸಿ ಬಂದರೆ ಹೊಂಡದ ಕಟ್ಟೆಯ ಮೇಲೆ ಬುಟ್ಟಿ ಇಳಿಸಿಕೊಂಡು ಕೂತ ಹೆಣ್ಣುಮಕ್ಕಳು: ಕಟಕ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಪುಟ್ಟ ಮಡಕೆಯಲ್ಲಿ ಕೆನೆಗಟ್ಟಿದ ಮೊಸರು. ಅವ್ವ ಅಲ್ಲೇ ನೆಲಕ್ಕೆ ಕೂತು, ನನಗಿಂತ ಒಂದು ರೊಟ್ಟಿ ಜಾಸ್ತಿ ಉಂಡಳು.

ವಿಜಯಪುರಕ್ಕೆ ಹೋದದ್ದು ಮರುದಿನದ ರೈಲಿಗೆ. 1656ರಲ್ಲಿ ಮುಗಿದ ಗೋಳಗುಮ್ಮಟದ ಒಳಗೆ ನೆಲದ ಮಟ್ಟದಲ್ಲಿ ನಿಂತು ಆ ಗುಮ್ಮಟವನ್ನು ಕತ್ತೆತ್ತಿ ನೋಡಲು ಯಾರಿಗೂ ಕಷ್ಟವಿಲ್ಲ. ಪಿಸುಮಾತಿನ ಮೊಗಸಾಲೆಗೆ ಮಾತ್ರ ಗೋಪುರದ ಒಳಗಿನ ಇಕ್ಕಟ್ಟಿನ ಸುತ್ತು ಮೆಟ್ಟಿಲು ಹತ್ತಬೇಕು. ಅವ್ವ ಕೆಳಗೆ ಕಟ್ಟೆಯ ಮೇಲೆ ಕೂತಿದ್ದಳು. ನಾನು ಮೇಲೆ ಹೋಗಿ "ಅವ್ವಾ" ಎಂದು ಕೂಗಿದೆ, ಸುತ್ತ ನಿಂತ ಹುಡುಗರೂ ಕೂಗಿದರು. ಇಳಿದು ಬಂದಾಗ, ಎಲ್ಲ ಕೇಳಿಸಿತು ಎಂದಳು, ಯಾವುದು ನಿನ್ನ ದನಿ ಅಂತ ಮಾತ್ರ ತಿಳಿಯಲಿಲ್ಲವಂತೆ. ಇಬ್ರಾಹಿಂ ರೋಜಾ ಊರಿನ ಇನ್ನೊಂದು ತುದಿಗಿದೆ, ಅಲ್ಲಿಗೆ ಆಟೊ ಮಾಡಿಕೊಳ್ಳಿ. ಸಂಜೆ ಅಲ್ಲಿ ಕೂತಿದ್ದು, ರಾತ್ರಿಯ ರೈಲಿಗೆ ನಿಲ್ದಾಣಕ್ಕೆ ಬಂದರೆ ಹೊತ್ತು ಸರಿಹೋಗುತ್ತದೆ.